ಮೇ ತಿಂಗಳಲ್ಲೇ ಕೊಟ್ಟ ಸ್ವಾತಂತ್ರ್ಯ

"ಅಂಟಿಸ್ಕೊ ಅಂದ್ರೆ ಅಂಟಿಸ್ಕೊ! ನಿಮ್ಮ ದೇಶದ ಹಬ್ಬಕ್ಕೆ ಅಂತ ನಾನು ಕಾಸು ಕೊಟ್ಟು ತಂದಿದ್ದೀನಿ. ಇವಳಿಗೆ ನಾಚಿಕೆಯಂತೆ, ನಾಚಿಕೆ!"

ಹೋಟೆಲಿನ ಯಜಮಾನ ರ್ಯಾಂಡಲ್, ಹಸಿಂತಾಳ ಮೂಗಿನ ಕೆಳಗೆ ಕಪ್ಪು ಉಣ್ಣೆಯ ಮೀಸೆಯೊಂದನ್ನು ಹಿಡಿದು ನಿಂತಿದ್ದ. ಅವಳ ಎರಡೂ ಕೈ ಜೋಳದ ಹಿಟ್ಟಿನೊಳಗಿದ್ದವು. ಬೇಡ ಎನ್ನುವಷ್ಟರಲ್ಲಿ ಅವನೇ ಒತ್ತಿ ಅಂಟಿಸಿ, ತಲೆಗೆ ಮೊರದಗಲದ ಹುಲ್ಲಿನ ಟೋಪಿಯನ್ನೂ ಕುಕ್ಕಿ, ಹಿಂದಕ್ಕೆ ಸರಿದು ನೋಡಿದ. ಮೊಮ್ಮಕ್ಕಳನ್ನು ಕಂಡ ಹೆಂಗಸು ಆಕೆ; ಅವನ ಬಾಯಲ್ಲಿ ಮಾತ್ರ ಇನ್ನೂ ಸೆನೊರೀತಾ, ಮದುವೆಯಾಗದ ಹುಡುಗಿ.

"ಆಹಾ! ಸ್ವಾತಂತ್ರ್ಯ ದಿನದ ಶುಭಾಶಯ, ಸೆನೊರೀತಾ! ಸಂಜೆ ಎಲ್ಲರಿಗೂ ನನ್ನ ಕಡೆಯಿಂದ ಒಂದೊಂದು ಬಿಯರ್."

ಅವತ್ತು ಮೇ ಐದು.

ಅವನು ಅತ್ತ ಹೋದದ್ದೇ ತಡ, ಅಡುಗೆಮನೆಗೆ ಅಡುಗೆಮನೆಯೇ ಬಿದ್ದು ಬಿದ್ದು ನಕ್ಕಿತು. ಕಾವಲಿಯ ಮುಂದೆ ಮಾಂಸ ಮಗುಚುತ್ತಿದ್ದ ಎಫ್ರಾಯಿನ್‌ಗಂತೂ ಉಸಿರೇ ಕಟ್ಟಿತು.

"ಅಕ್ಕೋ, ನಮ್ ಭಾವಂಗಿಂತ ನಿಂಗೇ ಒಪ್ತದೆ ಕಣಕ್ಕಾ ಮೀಸೆ!"

"ನಿಮ್ ಭಾವಂಗೆ ಇರೋದೇ ಅದೊಂದು ಕಣ್ಲಾ. ಅದುನ್ನೂ ನಾನ್ ಕಿತ್ಕೊಂಡ್ರೆ ಇನ್ನೇನೈತೆ ಆ ಬಡ್ಡೀಮಗಂತಾವ?"

ಪಾತ್ರೆ ತೊಳೆಯುವ ಮುದುಕ ಪ್ಲಾಸಿದೊ ಮಾತ್ರ ನೊರೆಯಿಂದ ಕೈ ಎತ್ತಿ ಕೇಳಿದ. "ಅಲ್ಲಾ, ನಮ್ ಸ್ವಾತಂತ್ರ್ಯ ಸೆಪ್ಟೆಂಬರ್ ಹದಿನಾರಕ್ಕಲ್ವಾ? ಇವ್ನ್ಯಾವನವ್ವಾ, ನಾಲ್ಕು ತಿಂಗ್ಳು ಮುಂಚೆನೇ ಹೊತ್ಕೊಂಡ್ ಬಂದವ್ನೆ?"

"ಇದು ನಮ್ಮೂರ್ ಹಬ್ಬ ಕಣಣ್ಣ," ಎಂದಳು ಹಸಿಂತಾ. "ಪುಯೆಬ್ಲಾದಲ್ಲಿ ಫ್ರೆಂಚ್‌ನೋರ್ನ ಹಿಡ್ದು ಬಡ್ದಿದ್ ದಿನ. ಅದೂ ಒಂದಿನ ಅಷ್ಟೆಯಾ. ಮುಂದಿನ್ ವರ್ಸ ತಿರ್ಗಾ ಬಂದು ನಮ್ಗೇ ಬಡುದ್ರು ಸೂಳೇಮಕ್ಳು."

"ಮತ್ತೆ ಯಜಮಾನಂಗೆ ಯೋಳ್ಬಾರ್ದಾ?"

"ಯೋಳ್ನಿಲ್ವಾ? ವರ್ಸಾ ವರ್ಸಾ ಯೋಳಿವ್ನಿ. ಬಿಯರ್ ಖರ್ಚಾಗೋಕೆ ಯಾವ ದಿನ ಆದ್ರೇನು ಅಂತಾನೆ."

ಹೀಗೆ ಆ ಮೇ ಕಳೆಯಿತು. ಮೀಸೆ ಕೀಳುವಾಗ ಹಸಿಂತಾಳ ಮೇಲ್ದುಟಿಯ ಚರ್ಮ ಕಿತ್ತು ಬಂದು, ವಾರವೆಲ್ಲ ಖಾರ ತಿನ್ನುವಾಗ ಉರಿಯಿತು.

ಕ್ಯಾಲಿಫೋರ್ನಿಯಾದ ಆ ಪುಟ್ಟ ಪಟ್ಟಣದಲ್ಲಿ ದಕ್ಷಿಣದ ಗಡಿ ದಾಟಿ ಬಂದು ಹಣ್ಣು ಕೀಳುವವರು, ಕಸ ಗುಡಿಸುವವರು, ಎಂಜಲು ಬಳಿಯುವವರು ಎಲ್ಲ ಸೇರಿ ಹಬ್ಬದ ಹಿಂದಿನ ದಿನ, ಸೆಪ್ಟೆಂಬರ್ ಹದಿನೈದರ ಸಂಜೆ ಪಾರ್ಕಿನಲ್ಲಿ ಕೂಗು ಹಾಕುವ ಪದ್ಧತಿಯಿತ್ತು. ಹಿಂದೊಮ್ಮೆ ಪಾದ್ರಿಯೊಬ್ಬ ಇಗರ್ಜಿಯ ಗಂಟೆ ಬಾರಿಸಿ, ಪರಕೀಯರ ಆಳ್ವಿಕೆಯ ವಿರುದ್ಧ ದಂಗೆಯೇಳಿ ಎಂದು ಕೂಗಿದ ನೆನಪಿಗೆ. ಒಬ್ಬರು ಮಂಟಪ ಹತ್ತಿ ಸ್ವಾತಂತ್ರ್ಯಕ್ಕೆ ಜೀವ ಕೊಟ್ಟವರ ಹೆಸರು ಕೂಗಬೇಕು, ಕೆಳಗೆ ನಿಂತವರು ಒಂದೇ ಗಂಟಲಲ್ಲಿ "ವಿವಾ!" ಎನ್ನಬೇಕು. ಚಿರಾಯುವಾಗಲಿ ಅಂತ. ಪ್ರತಿವರ್ಷ ಮಂಟಪ ಹತ್ತುತ್ತಿದ್ದವನು ಟೈರ್ ಅಂಗಡಿಯ ಧಣಿ. ಈ ವರ್ಷ ಹಣ್ಣು ಕೀಳುವ ಹೆಂಗಸರು ರಂಪ ಮಾಡಿ, "ಆ ಯಪ್ಪ ಕೂಗುದ್ರೆ ಕೆಮ್ಮಿದಂಗಾಯ್ತದೆ, ನಮ್ ಹಸಿಂತಾ ಹತ್ಲಿ" ಎಂದುಬಿಟ್ಟಿದ್ದರು.

ಹಸಿಂತಾಳಿಗೆ ಖುಷಿಯೆಂದರೆ ಅಷ್ಟಿಷ್ಟಲ್ಲ. ಈ ದೇಶಕ್ಕೆ ಬಂದಾಗಿನಿಂದ ಅವಳನ್ನು ಯಾರೂ ಮೇಲೆ ಹತ್ತು ಎಂದಿರಲಿಲ್ಲ. ಹಿಟ್ಟು ನಾದುತ್ತ ನಾದುತ್ತ ಹೆಸರುಗಳನ್ನು ಬಾಯಿಪಾಠ ಮಾಡಿದಳು. ಊರಿನಲ್ಲಿದ್ದ ತಾಯಿಗೆ ಫೋನ್ ಮಾಡಿ, "ಅವ್ವಾ, ನಾನು ಮಂಟಪ ಹತ್ತೀನಿ ಕಣವ್ವ" ಎಂದಾಗ ಆ ಮುದುಕಿ ಅತ್ತೇಬಿಟ್ಟಳು.

ಹದಿನೈದರ ಬೆಳಿಗ್ಗೆ ರ್ಯಾಂಡಲ್ ಮುಂದೆ ನಿಂತು, ಸಂಜೆ ಆರಕ್ಕೆ ಬಿಟ್ಟುಬಿಡಿ ಎಂದು ಕೇಳಿಕೊಂಡಳು.

"ಇವತ್ತಾ? ನಲವತ್ತು ಜನರ ಹುಟ್ಟುಹಬ್ಬದ ಪಾರ್ಟಿ ಇದೆ, ಗೊತ್ತಿಲ್ವಾ?"

"ನಮ್ ಸ್ವಾತಂತ್ರ್ಯದ ಹಬ್ಬ ಸಾಮಿ."

"ಎಷ್ಟು ಸಲ ಬರುತ್ತಮ್ಮಾ ನಿಮಗೆ ಸ್ವಾತಂತ್ರ್ಯ? ಮೇ ತಿಂಗಳಲ್ಲಿ ಕೊಟ್ಟೆನಲ್ಲ! ಬಿಯರ್ ಕುಡಿಯುವಾಗ ಸಿಹಿ, ಕೆಲಸ ಅಂದ್ರೆ ಕಹಿ."

"ಅದಲ್ಲ ಸಾಮಿ, ಅದು ಬ್ಯಾರೆ."

"ಹೋಗೋದಾದ್ರೆ ಹೋಗು. ತಿರುಗಿ ಬರಬೇಡ." ಆಮೇಲೆ ನಗುನಗುತ್ತಲೇ ಬೆನ್ನು ತಟ್ಟಿದ. "ಈ ದೇಶದಲ್ಲಿರೋಕೆ ನಿಮ್ಮಲ್ಲಿ ಯಾರ್ಯಾರ ಕಾಗದ ಪತ್ರ ಹೇಗಿದೆ ಅಂತ ನನಗೂ ಗೊತ್ತು. ಎಲ್ಲಿಗೆ ಫೋನ್ ಮಾಡಿದ್ರೆ ನಿಮ್ಮನ್ನು ಹಿಡಿದು ಗಡಿಯಾಚೆ ಅಟ್ಟುತ್ತಾರೆ ಅಂತಲೂ ಗೊತ್ತು. ತಮಾಷೆಗೆ ಹೇಳಿದೆ, ಸೆನೊರೀತಾ. ಹಿಟ್ಟು ನಾದು."

ಅವಳು ನಾದಿದಳು. ಕಣ್ಣಲ್ಲಿ ನೀರು ತುಂಬಿ ಹಿಟ್ಟು ಕಾಣದಾಯಿತು. ಥೂ, ಇವನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಎಫ್ರಾಯಿನ್ ಸಮಾಧಾನ ಮಾಡಲು ಬಂದ. "ಹೋಗ್ಲಿ ಬುಡಕ್ಕ. ಅವತ್ತು ಪಾದ್ರಿ ಗಂಟೆ ಬಾರ್ಸಿ ಕೂಗ್ದೇಟ್ಗೇ ಸ್ವಾತಂತ್ರ್ಯ ಸಿಕ್ಬುಡ್ತಾ? ಇಸ್ಕೂಲಲ್ಲಿ ಮೇಷ್ಟ್ರು ಹೊಡ್ದೂ ಹೊಡ್ದೂ ಯೋಳ್ಕೊಟ್ಟವ್ರೆ, ಸಿಕ್ಕಿದ್ದು ಹನ್ನೊಂದು ವರ್ಸ ಆದ್ಮೇಲೆ."

"ಪಾದ್ರಿನ ಅಷ್ಟೊತ್ಗೆ ಕೊಂದ್ ಹಾಕಿದ್ರು," ಎಂದ ಪ್ಲಾಸಿದೊ ಬಾಣಲೆ ಉಜ್ಜುತ್ತಲೇ.

"ಹಂಗಾದ್ರೆ ಸಿಕ್ಕಿದ್ ದಿನ ಬುಟ್ಟು ಈ ದಿನ ಯಾಕ್ಲಾ ಹಬ್ಬ ಮಾಡೋದು?" ಹಸಿಂತಾ ಮೂಗೊರೆಸಿಕೊಂಡು ಕೇಳಿದಳು.

"ನಂಗೇನ್ ಗೊತ್ತು. ಅವತ್ತು ಬಾಯಿ ಬುಟ್ರಲ್ಲ, ಅದ್ಕೇ ಇರ್ಬೇಕು."

ಆರು ಗಂಟೆಗೆ ಪಾರ್ಟಿಯವರು ಬಂದು ತುಂಬಿಕೊಂಡರು. ಆರೂವರೆಯ ಹೊತ್ತಿಗೆ ದೂರದ ಪಾರ್ಕಿನಿಂದ ತಮಟೆ ಸದ್ದು ಕಿಟಕಿಯಲ್ಲಿ ಒಳಗೆ ಬಂತು. ಹಸಿಂತಾ ಲಟ್ಟಿಸುತ್ತಿದ್ದ ರೊಟ್ಟಿಯನ್ನು ಅಲ್ಲಿಗೇ ಬಿಟ್ಟಳು. ಕೈ ಕೂಡ ತೊಳೆಯದೆ, ಬಾಗಿಲು ತಳ್ಳಿಕೊಂಡು, ಗಿರಾಕಿಗಳ ನಡುವೆ ಹೋಗಿ ನಿಂತಳು. ಅಲ್ಲೊಂದು ಖಾಲಿ ಕುರ್ಚಿಯಿತ್ತು. ಹತ್ತಿದಳು.

"ನಮ್ಗೆ ಸ್ವಾತಂತ್ರ್ಯ ತಂದೋರ್ಗೆ!"

ನಲವತ್ತು ಚಮಚಗಳು ನಿಂತವು. ಅಡುಗೆಮನೆಯೊಳಗಿಂದ ಎಫ್ರಾಯಿನ್ ಒಬ್ಬನೇ, "ವಿವಾ!" ಎಂದ.

ಹಸಿಂತಾ ಪಾದ್ರಿಯನ್ನು ಕೂಗಿದಳು. ಆ ದಂಗೆಗೆ ಗುಟ್ಟಾಗಿ ಸುದ್ದಿ ಮುಟ್ಟಿಸಿದ ಹೊಸೆಫಾ ತಾಯಿಯನ್ನು ಕೂಗಿದಳು. ಆಮೇಲೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು, ಬಾಯಿ ಮಾತ್ರ ನಿಲ್ಲಲಿಲ್ಲ.

"ಎಂಜಲು ಬಳ್ದೂ ಬಳ್ದೂ ಬೆರಳು ಕೊಳ್ತೋಗಿರೋ ನಮ್ ಪ್ಲಾಸಿದೊಂಗೆ!"

"ವಿವಾ!"

"ಕೈ ಸುಟ್ರೂ ಒಂದಿನ ರಜಾ ಕಾಣ್ದಿರೋ ಎಫ್ರಾಯಿನ್‌ಗೆ!"

"ವಿವಾ!" ಈಗ ಅಡುಗೆಮನೆಯವರೆಲ್ಲ ಹೊರಗೆ ಬಂದಿದ್ದರು.

"ನಂಗೆ!" ಎಂದಳು ಹಸಿಂತಾ, ನಾಚಿಕೆ ಬಿಟ್ಟು. "ನಂಗೂ ಕಣ್ರಪ್ಪಾ!"

"ವಿವಾ! ವಿವಾ! ವಿವಾ!"

ಗಿರಾಕಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೋಟೆಲಿನವರೇ ಏರ್ಪಡಿಸಿದ ಮನರಂಜನೆ ಎಂದುಕೊಂಡರು ಪಾಪ. ಒಬ್ಬಾಕೆ, "ಎಷ್ಟು ಚೆಂದ! ನಿಮ್ಮ ಐಡಿಯಾನಾ?" ಎಂದು ರ್ಯಾಂಡಲ್‌ನ ತೋಳು ಹಿಡಿದಳು. ಮುಖ ಬೆಂದ ಬದನೆಕಾಯಿಯಂತಾಗಿದ್ದರೂ ಅವನು ಹಲ್ಲು ಕಿರಿದು ಚಪ್ಪಾಳೆ ತಟ್ಟಲೇಬೇಕಾಯಿತು. ತಟ್ಟಿದ.

ಹಸಿಂತಾ ಕುರ್ಚಿ ಇಳಿದು ಏಪ್ರನ್ ಬಿಚ್ಚಿ ಅದರ ಮೇಲಿಟ್ಟಳು. ಅವಳ ಹಿಂದೆ ಒಬ್ಬೊಬ್ಬರೂ ಬಿಚ್ಚಿಟ್ಟರು. ಸಾಲಾಗಿ ಮುಂಬಾಗಿಲಿನಿಂದಲೇ ಹೊರಟರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

ಬೀದಿಯಲ್ಲಿ ಹಸಿಂತಾ ಎಫ್ರಾಯಿನ್‌ನ ತೋಳು ಹಿಡಿದುಕೊಂಡಳು.

"ಒಲೆ ಆರ್ಸುದೇನ್ಲಾ?"

"ಅಯ್ಯೋ, ಆರ್ಸ್ಬೇಕಿತ್ತಾ?"

ಹಿಂದೆ ಬರುತ್ತಿದ್ದ ಪ್ಲಾಸಿದೊ ನಗಲಿಲ್ಲ. "ನಾಳಿಕೆ ಏನವ್ವಾ ಮಾಡದು? ಫೋನ್ ಮಾಡ್ಬುಟ್ರೆ?"

ಹಸಿಂತಾಳಿಗೂ ಅದೇ ಭಯ ಎದೆಯಲ್ಲಿ ಕೂತಿತ್ತು. ಕೈಗೆ ಮೆತ್ತಿದ್ದ ಹಿಟ್ಟನ್ನು ಲಂಗಕ್ಕೇ ಒರೆಸಿಕೊಂಡಳು.

"ನಾಳಿಕೆ ಹದಿನಾರಲ್ವೇನಣ್ಣಾ," ಎಂದಳು. "ರಜಾ ಕಣ್ರೋ ನಮ್ಗೆ."