ಮೂರನೇ ಹಾಡಿನ ನಾಲ್ಕು ನಿಮಿಷ

ಹನ್ನೊಂದು ಸಿ.ಡಿ.ಗಳು ವಾಪಸ್ ಬಂದಿದ್ದವು. ವಿಜಯನಗರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ನಾಗರಾಜು ಅವಕ್ಕೆಲ್ಲ ಒಂದು ರಬ್ಬರ್ ಬ್ಯಾಂಡ್ ಹಾಕಿಟ್ಟುಕೊಂಡು ಅಮರೇಶ ಬರುವುದನ್ನೇ ಕಾಯುತ್ತಿದ್ದ.

"ಏನ್ ಗುರು ಇದು? ಎಲ್ಲಾರ್ದೂ ಒಂದೇ ಕಂಪ್ಲೇಂಟು. ಮೂರನೇ ಹಾಡಿನ ಮಧ್ಯೆ ನಾಲ್ಕು ನಿಮಿಷ ಏನೂ ಇಲ್ವಂತೆ. ಬರೀ ಗುಂಯ್ ಅಂತ ಸದ್ದು. ಸಿ.ಡಿ. ಕೆಟ್ಟೋಗಿದೆ, ಬೇರೆ ಕೊಡಿ ಅಂತಾರೆ."

"ಕೆಟ್ಟಿಲ್ಲ ಸಾರ್. ಅದು ಇರೋದೇ ಹಾಗೆ" ಎಂದ ಅಮರೇಶ.

"ಇರೋದೇ ಹಾಗೆ ಅಂತ ನಾನು ಎಷ್ಟು ಜನಕ್ಕೆ ಹೇಳ್ಲಿ? ಸೋಮವಾರ ಇನ್ನೊಂದು ನೂರು ಸಿ.ಡಿ. ಹೊಡ್ಸಣ ಅಂತಿದೀನಿ. ಅಷ್ಟರೊಳಗೆ ಆ ಜಾಗದಲ್ಲಿ ಏನಾದ್ರೂ ತುಂಬ್ಸು. ಕೊಳಲೋ, ತಬಲಾನೋ, ನಿನ್ನಿಷ್ಟ. ಇಲ್ಲಾಂದ್ರೆ ಬೇಡ, ಇಷ್ಟಕ್ಕೇ ನಿಲ್ಸಣ."

ಅದು 2008ರ ಜುಲೈ. ಅಮರೇಶ ಜ್ಞಾನಭಾರತಿಯ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಸಂಜೆಯಾದರೆ ಹೊಸಹಳ್ಳಿಯ ಗೆಳೆಯ ಕಾಂತರಾಜುವಿನ ಮನೆಯ ಮಹಡಿಯ ಕೋಣೆ. ಇವನ ಹಳೇ ಕೀಬೋರ್ಡು, ಅವನ ಗಿಟಾರು, ಒಂದು ಕಂಪ್ಯೂಟರು, ಇಷ್ಟೇ ಸೇರಿ 'ಮಬ್ಬು' ಎಂಬ ಬ್ಯಾಂಡು. 'ಮೇಲಿನ ಮನೆ' ಅದರ ಮೊದಲ ಆಲ್ಬಮ್ಮು. ಏಳು ಹಾಡು, ಏಳರಲ್ಲೂ ಮಾತು ಕಡಿಮೆ, ಮೋಡ ಮುಚ್ಚಿಕೊಂಡ ಮಧ್ಯಾಹ್ನದ ಹಾಗೆ ಎಲ್ಲವೂ ನಿಧಾನ. ಪ್ರತಿ ಸಿ.ಡಿ.ಯ ಜೊತೆ ನಾಗರಾಜುವಿನ ಅಂಗಡಿಯ ವಿಳಾಸ ಬರೆದ ಕಾರ್ಡೊಂದನ್ನು ಇಡುವ ಉಪಾಯ ಕಾಂತರಾಜುವಿನದು. 'ಕೇಳಿ ಏನನ್ನಿಸಿತೋ ಬರೆಯಿರಿ' ಎಂದು ಅದರಲ್ಲಿ ಅಚ್ಚಾಗಿತ್ತು.

ಜನಕ್ಕೆ ಅಷ್ಟು ಹೇಳಿದರೆ ಸಾಕಲ್ಲ! ಕಾರ್ಡುಗಳು ಬಂದವೇ ಬಂದವು. ಬಸವೇಶ್ವರನಗರದ ನಿವೃತ್ತ ಮೇಷ್ಟರೊಬ್ಬರು ಕೆಂಪು ಪೆನ್ನಿನಲ್ಲಿ 'ಸಾಹಿತ್ಯ ಸಾಲದು, ಉಸಿರು ಜಾಸ್ತಿ' ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದರು. ಒಬ್ಬರಿಗೆ ಇದನ್ನು ಕೇಳಿ ತಲೆನೋವು ಹೋಗಿತ್ತು, ಇನ್ನೊಬ್ಬರಿಗೆ ಬಂದಿತ್ತು. ರಾಜಾಜಿನಗರದ ಗೃಹಿಣಿಯೊಬ್ಬರು ಇದನ್ನು ಹಾಕಿಕೊಂಡು ಇಸ್ತ್ರಿ ಮಾಡುತ್ತಾ ಗಂಡನ ಶರ್ಟು ಸುಟ್ಟಿದ್ದರು, ಮಾರನೇ ದಿನವೂ ಅದನ್ನೇ ಹಾಕಿಕೊಂಡಿದ್ದರು. ಕೆಂಗೇರಿಯ ಹಾಸ್ಟೆಲಿನ ನಾಲ್ವರು ಹುಡುಗರು ಕೇಳಿದ ಮೇಲೆ ಮೆಸ್ಸಿನ ಗಂಟೆ ಹೊಡೆಯುವವರೆಗೂ ಒಬ್ಬರಿಗೊಬ್ಬರು ಮಾತಾಡಿರಲಿಲ್ಲವಂತೆ. ಅಳು ಬಂತು ಎಂದು ಬರೆದವರೇ ಇಪ್ಪತ್ತಕ್ಕೂ ಹೆಚ್ಚು.

ಅಮರೇಶ ಅವನ್ನೆಲ್ಲ ಕರೆಂಟ್ ಬಿಲ್ ಓದಿದಂತೆ ಓದಿ ಪಕ್ಕಕ್ಕಿಡುತ್ತಿದ್ದ. ಅವನಿಗೆ ಖುಷಿಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಯಾರ್ಯಾರಿಗೋ ಬಂದ ಅಳು ಹಾಡು ಮಾಡಿದವನಿಗೆ ಮಾತ್ರ ಬಂದಿರಲಿಲ್ಲ. ಅದಕ್ಕಾಗಿಯೇ ಮಾಡಿದ್ದಾದರೂ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ, ಮಾರ್ಚಿನಲ್ಲಿ, ಅವನ ತಮ್ಮ ರೇವಣಸಿದ್ದ ನಾಯಂಡಹಳ್ಳಿಯ ಹತ್ತಿರ ನೀರಿನ ಟ್ಯಾಂಕರಿಗೆ ಸಿಕ್ಕಿ ಸತ್ತ. ಕೊರಿಯರ್ ಹಂಚುವ ಕೆಲಸ, ಇಪ್ಪತ್ತೆರಡು ವಯಸ್ಸು. ಕುಷ್ಟಗಿ ಕಡೆಯಿಂದ ಬಂದು ಮೂಡಲಪಾಳ್ಯದ ಮಹಡಿ ಮನೆಯೊಂದರಲ್ಲಿ ಬಾಡಿಗೆಗಿದ್ದ ಆ ಕುಟುಂಬದಲ್ಲಿ ಆಮೇಲೆ ಉಳಿದವರು ಅಮರೇಶ ಮತ್ತು ತಾಯಿ ಮುತ್ತವ್ವ. ಅವತ್ತು ಹೆಣ ಮನೆಗೆ ಬಂದಾಗ ಅಮರೇಶ ಮೆಟ್ಟಿಲ ಗೋಡೆ ಹಿಡಿದು ನಿಂತಿದ್ದ. ಆಮೇಲೆ ಏನೇನು ಸಹಿ ಹಾಕಬೇಕೋ ಹಾಕಿದ, ಬಂದವರಿಗೆ ಟೀ ತರಿಸಿದ. ಗಟ್ಟಿ ಹುಡುಗ ಎಂದು ಎಲ್ಲರೂ ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ, ಒಳಗೆ ಏನೂ ಆಗುತ್ತಿರಲಿಲ್ಲ. ಹಾಗೇ ಇದ್ದುಬಿಟ್ಟ.

'ಮೆಟ್ಟಿಲು' ಎಂಬ ಆ ಮೂರನೇ ಹಾಡು ತಮ್ಮನಿಗಾಗಿ ಮಾಡಿದ್ದು. ಮಧ್ಯದ ನಾಲ್ಕು ನಿಮಿಷಕ್ಕೆ ಅಮರೇಶ ಕೀಬೋರ್ಡಿನ ಒಂದೇ ಸ್ವರ ಹಿಡಿದಿಟ್ಟು, ಅದರ ಮೇಲೆ ಏನೇನೋ ಬಾರಿಸಿ ನೋಡಿದ್ದ. ಸಂಜೆ ಹಾಕುವುದು, ಮಾರನೇ ಸಂಜೆ ಅಳಿಸುವುದು. ಯಾವುದೂ ಅಲ್ಲಿಯದು ಅನ್ನಿಸಲಿಲ್ಲ. "ಮಗಾ, ನಾನೊಂದು ಗಿಟಾರ್ ಹಾಕಿ ಮುಗಿಸ್ತೀನಿ ಬಿಡು" ಎಂದು ಕಾಂತರಾಜು ಎಷ್ಟು ಹೇಳಿದರೂ ಬಿಟ್ಟುಕೊಟ್ಟಿರಲಿಲ್ಲ. ಈಗ ಸೋಮವಾರದೊಳಗೆ ಏನಾದರೂ ತುಂಬಲೇಬೇಕು. ಎರಡು ವರ್ಷ ಹೊಳೆಯದ್ದು ಎರಡು ದಿನದಲ್ಲಿ ಹೊಳೆಯಬೇಕಿತ್ತು. ಸಿಕ್ಕಿದ್ದೇನೋ ಒಂದನ್ನು ಅಲ್ಲಿ ತುರುಕಿದರೆ ತಮ್ಮನಿಗಾಗಿ ಉಳಿದಿದ್ದ ಆ ಒಂದು ಜಾಗವೂ ಹೋದಂತೆ.

ವಾಪಸ್ ಬಂದ ಸಿ.ಡಿ.ಗಳ ಜೊತೆ ಹೊಸ ಕಾರ್ಡೊಂದಿತ್ತು. ಚಂದ್ರಾ ಲೇಔಟಿನ ಬಿಂದುಶ್ರೀ ಎಂಬುವಳು ಎರಡೇ ಸಾಲು ಬರೆದಿದ್ದಳು: 'ಮೂರನೇ ಹಾಡಿನಲ್ಲಿ ಯಾರೋ ಬಂದು ಹಾಡುತ್ತಾರೆ ಅಂತ ಕಾದೆ. ಅವರು ಯಾಕೆ ಬರಲಿಲ್ಲ?'

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಮರೇಶ ಆ ಕಾರ್ಡನ್ನೇ ತಿರುಗಿಸಿ ಮುರುಗಿಸಿ ನೋಡುತ್ತಾ ಕೂತಿದ್ದ. ಮುತ್ತವ್ವ ರೊಟ್ಟಿಯ ಬುಟ್ಟಿ ಮುಚ್ಚಿಟ್ಟು ಬಂದು ಎದುರಿಗೆ ಕೂತಳು. ಮಗ ಹಾಡು ಮಾಡಿದ್ದು ಅವಳಿಗೆ ಗೊತ್ತಿತ್ತು, ಕೇಳಿರಲಿಲ್ಲ. ಅವನೂ ಕೇಳಿಸಿರಲಿಲ್ಲ.

"ಏನಂತಾರೋ ಮಂದಿ?"

"ಅಳು ಬಂತು ಅಂತಾರವ್ವಾ."

"ನಿನಗ ಬಂತೇನು?"

"ಇಲ್ಲ."

"ಹಚ್ಚು, ನಾನೂ ಕೇಳತೀನಿ" ಎಂದಳು.

ಅವನು ನೇರ ಮೂರನೆಯದನ್ನೇ ಹಚ್ಚಿದ. ಗಿಟಾರು ಬಂತು, ಹೋಯಿತು. ಆ ಒಂದೇ ಸ್ವರ ಉಳಿಯಿತು. ಮುತ್ತವ್ವ ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತಳು, ಎರಡೂ ಅಂಗೈಯನ್ನು ಮೊಣಕಾಲ ಮೇಲಿಟ್ಟುಕೊಂಡಳು. ಮೊದಲು ಬರೀ ಗುನುಗು. ಆಮೇಲೆ ಆ ಸ್ವರಕ್ಕೇ ದನಿ ಸೇರಿಸಿ ಎಳೆದಳು:

"ನನ್ನ ರೇವಣಾ... ಬುತ್ತಿ ಕಟ್ಟಿ ಕೊಟ್ಟಿದ್ನೆಲ್ಲೋ ನನ್ನಪ್ಪಾ, ಗಂಟು ಬಿಚ್ಚದ ಹ್ವಾದ್ಯಲ್ಲೋ... ಎರಡೆರಡು ಮೆಟ್ಟಲಾ ಹಾರಿ ಬರಾಂವ, ಒಂದೂ ಹತ್ತದ ಹ್ವಾದ್ಯಲ್ಲೋ..."

ಅಮರೇಶನ ಕೈಯಲ್ಲಿದ್ದ ಕಾರ್ಡು ಕೆಳಗೆ ಬಿತ್ತು. ಅವರ ಊರ ಕಡೆ ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಹೋದವನು ಏನು ಉಣ್ಣುತ್ತಿದ್ದ, ಹೇಗೆ ನಡೆಯುತ್ತಿದ್ದ, ಯಾರಿಗೆ ಸಿಟ್ಟು ಮಾಡುತ್ತಿದ್ದ, ಎಲ್ಲವನ್ನೂ ತಾಯಿ ಹೇಳಬೇಕು, ಸುತ್ತ ಕೂತವರು ಹೌದವ್ವಾ ಎನ್ನಬೇಕು. ಹಾಗೆ ಹೇಳಿ ಮುಗಿಸಿದ ಮೇಲೇ ಅವನು ಹೋದ ಎಂಬ ಲೆಕ್ಕ. ಅವತ್ತು ಮುತ್ತವ್ವ ಎರಡು ಸಾಲು ಹೇಳುವಷ್ಟರಲ್ಲಿ ಕೆಳಗಿನಿಂದ ಮನೆ ಓನರ್ ವೆಂಕಟಲಕ್ಷ್ಮಮ್ಮ ಬಂದು ಕೈ ಹಿಡಿದುಕೊಂಡು, "ಅಮ್ಮಾ, ಸ್ವಲ್ಪ ಮೆತ್ತಗೆ. ಪಕ್ಕದ ಮನೆ ಹುಡುಗಿಗೆ ನಾಳೆ ಎಸ್ಸೆಸ್ಸೆಲ್ಸಿ ಪರೀಕ್ಷೆ" ಎಂದಿದ್ದಳು. ಬಾಡಿಗೆ ಮನೆಯವಳು ಮುತ್ತವ್ವ. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ಎಂದೂ ತೆಗೆದಿರಲಿಲ್ಲ.

ಎರಡು ವರ್ಷ ಅವನು ಆ ಜಾಗಕ್ಕೆ ವಾದ್ಯ ಹುಡುಕಿದ್ದ. ಎಂಥ ಪೆದ್ದ ನಾನು ಅನ್ನಿಸಿತು ಅವನಿಗೆ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬಾಗಿಲಲ್ಲಿ ವೆಂಕಟಲಕ್ಷ್ಮಮ್ಮ ನಿಂತಿದ್ದಳು. ಮುತ್ತವ್ವ ಸಾಲಿನ ನಡುವೆಯೇ ನಿಲ್ಲಿಸಿದಳು, ಕೈ ತಾನಾಗಿ ಸೆರಗಿಗೆ ಹೋಯಿತು. ಅದೇ ಹೊತ್ತಿಗೆ ಹಾಡಿನ ಆ ನಾಲ್ಕು ನಿಮಿಷವೂ ಮುಗಿದು ಗಿಟಾರು ಶುರುವಾಯಿತು.

"ಮುಗೀತೇನೋ?" ಎಂದು ಮುತ್ತವ್ವ ಗಾಬರಿಯಿಂದ ಮಗನನ್ನು ಕೇಳಿದಳು.

"ಇಲ್ಲವ್ವಾ" ಎಂದು ಅಮರೇಶ ಗುಂಡಿ ಒತ್ತಿ ಹಿಂದಕ್ಕೆ ತಂದ. ಆ ಸ್ವರ ಮತ್ತೆ ಮೊದಲಿಂದ ಶುರುವಾಯಿತು. ಅವನು ವೆಂಕಟಲಕ್ಷ್ಮಮ್ಮನ ಕಡೆ ತಿರುಗಿ, "ಆಂಟಿ, ಇವತ್ತು ನಿಲ್ಸಲ್ಲ" ಎಂದ.

ವೆಂಕಟಲಕ್ಷ್ಮಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು. "ನಿಲ್ಸು ಅಂತ ಯಾರಂದ್ರು? ನಮ್ಮವ್ವ ಹೋದಾಗ ನಾನೂ ಇದೇ ಊರಲ್ಲಿ ಬೀದಿಗೆಲ್ಲಾ ಕೇಳೋ ಹಂಗೆ ಹೇಳ್ಕೊಂಡು ಅತ್ತಿದ್ದೆ ಕಣಪ್ಪ. ಆಗ ಇಲ್ಲೆಲ್ಲಾ ಹೊಲ ಇತ್ತು. ಅವತ್ತು ನಾನು ಹಂಗೆ ಬಂದು ಹೇಳ್ಬಾರ್ದಿತ್ತು" ಎಂದು ಮುತ್ತವ್ವನ ಪಕ್ಕ ಕೂತು ಅವಳ ಕೈಯಿಂದ ಸೆರಗು ಬಿಡಿಸಿದಳು. "ಹೇಳಮ್ಮ. ಎರಡೆರಡು ಮೆಟ್ಟಿಲು ಹಾರ್ಕೊಂಡು ಬರ್ತಿದ್ದ, ಹೌದು. ನಾನೂ ಬೈತಿದ್ದೆ. ಹೇಳು."

ಮುತ್ತವ್ವ ಹೇಳಿದಳು. ಖಾರಬ್ಯಾಳಿ ಇದ್ದರೆ ಎರಡು ರೊಟ್ಟಿ ಹೆಚ್ಚು ಉಣ್ಣುತ್ತಿದ್ದುದನ್ನು, ಮೊದಲ ಪಗಾರದಲ್ಲಿ ಅಣ್ಣನಿಗೆ ಆ ಕೀಬೋರ್ಡು ತಂದುಕೊಟ್ಟಿದ್ದನ್ನು, ಹೆಲ್ಮೆಟ್ ಮರೆತು ಮತ್ತೆ ಓಡಿ ಬರುತ್ತಿದ್ದುದನ್ನು. ವೆಂಕಟಲಕ್ಷ್ಮಮ್ಮ ಹೌದಮ್ಮ, ಹೌದಮ್ಮ ಎನ್ನುತ್ತಿದ್ದಳು. ಸ್ವರ ಮುಗಿಯುವ ಹೊತ್ತಿಗೆ ಅಮರೇಶ ಇನ್ನೊಮ್ಮೆ ಹಿಂದಕ್ಕೆ ತಂದ. ಮುತ್ತವ್ವ ಮುಗಿಸಿ ಕಣ್ಣೊರೆಸಿಕೊಂಡಾಗ ಒಟ್ಟು ಹನ್ನೊಂದು ನಿಮಿಷವಾಗಿತ್ತು. ಅವನಿಗೆ ಆಗಲೂ ಅಳು ಬರಲಿಲ್ಲ. ಆದರೆ ತಮ್ಮ ಸತ್ತಿದ್ದಾನೆ ಎನ್ನುವುದು ಅವನಿಗೆ ಅವತ್ತು ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಹೊಸ ಸಿ.ಡಿ.ಯನ್ನು ನಾಗರಾಜುವಿನ ಮುಂದಿಟ್ಟ. ಅಂಗಡಿಯ ಸ್ಪೀಕರಿನಲ್ಲಿ ಯಾವುದೋ ಕುಣಿತದ ಹಾಡು ಕಿವಿ ಕಿತ್ತುಹೋಗುವಂತೆ ಬರುತ್ತಿತ್ತು.

"ತುಂಬ್ಸಿದ್ಯಾ?"

"ಇಲ್ಲ ಸಾರ್. ಉದ್ದ ಮಾಡಿದೀನಿ. ಹನ್ನೊಂದು ನಿಮಿಷ."

"ತಲೆಗಿಲೆ ಕೆಟ್ಟಿದ್ಯಾ ನಿಂಗೆ? ನಾಲ್ಕು ನಿಮಿಷಕ್ಕೇ ಹನ್ನೊಂದು ಸಿ.ಡಿ. ವಾಪಸ್ ಬಂದಿದೆ. ಇಷ್ಟುದ್ದ ಖಾಲಿ ಯಾಕೋ?"

"ಹೇಳ್ಕೊಂಡು ಅಳೋರಿಗೆ ನಾಲ್ಕು ನಿಮಿಷ ಸಾಕಾಗಲ್ಲ ಸಾರ್" ಎಂದ ಅಮರೇಶ. "ನಮ್ಮ ತಮ್ಮ..."

ಅಷ್ಟೇ ಬಂದಿದ್ದು. ಅಮರೇಶ ಕೌಂಟರಿನ ಗಾಜಿಗೆ ಎರಡೂ ಕೈ ಊರಿ, ಗಿರಾಕಿಗಳ ಎದುರಿಗೇ, ದನಿ ತೆಗೆದು ಅತ್ತ.

ನಾಗರಾಜು ಎದ್ದು ಹೋಗಿ ಸ್ಪೀಕರ್ ಆರಿಸಿದ.