ಒಂದು ಕಣ್ಣು ಮುಚ್ಚಿ ನೋಡಿದ ಅರಿಷಿಣ

ನನ್ನ ಹೆಂಡತಿ ಸೂಗಮ್ಮನ ಬಲಗಣ್ಣಿನ ಪೊರೆ ತೆಗೆದ ಮೇಲೆ ನಮ್ಮ ಕಾಚಿಗೂಡದ ಮನೆಯಲ್ಲಿ ಯಾವ ಸಾಮಾನಿಗೂ ನೆಮ್ಮದಿ ಇಲ್ಲದಂತಾಯಿತು. ಹೊಸ ಕಣ್ಣಿಗೆ ಅಂಗೈ ಅಡ್ಡ ಹಿಡಿದು ನೋಡುವಳು, ಆಮೇಲೆ ಹಳೇ ಕಣ್ಣಿಗೆ ಹಿಡಿದು ನೋಡುವಳು. ನನ್ನ ಧೋತರ ಹಳೇ ಕಣ್ಣಿಗೆ ಕೆನೆ ಬಣ್ಣ, ಹೊಸದಕ್ಕೆ ಬೆಳ್ಳಗೆ. ಅವಳ ನೀಲಿ ಸೀರೆ ಒಂದಕ್ಕೆ ಬೂದಿ, ಇನ್ನೊಂದಕ್ಕೆ ಅಪ್ಪಟ ನೀಲಿ.

"ಏನ್ರೀ, ನಿಮ್ಮ ಮೀಸಿ ಯಾವಾಗ ಇಷ್ಟ ಬೆಳ್ಳಗಾತು?"

"ನಿನ್ನ ಕೂಡ ಸಂಸಾರ ಮಾಡಿ ಮಾಡಿ" ಅಂದೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಕ್ಯಾಲೆಂಡರಿನ ಕಡೆ ಹೋದಳು.

ಆಗ ಮಗಳು ಮಧುರಾ ಐದು ತಿಂಗಳ ಬಸಿರಿ. ಚೊಚ್ಚಲು, ಆರೈಕೆಗೆಂದು ತವರಿಗೆ ಬಂದಿದ್ದಳು. ದಿನವೂ ಅವಳಿಗೆ ಅವ್ವನ ಕೈಯ ಅರಿಷಿಣ ಹಾಲು. ಅರಿಷಿಣದ ವಿಷಯದಲ್ಲಿ ಸೂಗಮ್ಮನ ಜಂಬ ಅಷ್ಟಿಷ್ಟಲ್ಲ. ಪುಡಿ ಕೊಳ್ಳುವವಳೇ ಅಲ್ಲ. ಬಜಾರಿನಲ್ಲಿ ಒಣ ಕೊಂಬು ಆರಿಸಿ ತಂದು ಗಿರಣಿಯಲ್ಲಿ ಬೀಸಿಸುತ್ತಾಳೆ. ಮೂರ್ನಾಲ್ಕು ವರ್ಷದ ಹಿಂದೆ ಮಾತ್ರ ಎಲ್ಲ ಅಂಗಡಿಯಲ್ಲೂ "ಬಣ್ಣನ ಇಲ್ಲ" ಎಂದು ಮೂಗು ಮುರಿಯುತ್ತಿದ್ದಳು. ಕಡೆಗೊಬ್ಬ ಅಂಗಡಿಯವನು ಫಳಫಳ ಹೊಳೆಯುವ ಕೊಂಬು ತೋರಿಸಿ "ಪಾಲಿಷ್ ಮಾಲ್ ಅಮ್ಮಾ" ಅಂದಾಗ ಅವಳಿಗೆ ಸಮಾಧಾನವಾಗಿತ್ತು. ಪಕ್ಕದ ಮನೆಯ ಭವಾನಿ ಮೊದಲಾಗಿ ಓಣಿಯವರೆಲ್ಲ ಅವಳ ಕೈಯಲ್ಲೇ ತರಿಸತೊಡಗಿದರು.

ಆ ಸಂಜೆ ಹಾಲು ಕಾಯಿಸಲು ಹೋದವಳು ಅರಿಷಿಣದ ಡಬ್ಬಿ ತೆರೆದು ಹಿಂದೆ ಸರಿದಳು.

"ಏನ್ರೀ, ಇಲ್ಲಿ ಬರ್ರಿ. ಇದೇನಿದು?"

"ಅರಿಷಿಣ."

"ಅರಿಷಿಣ ಹಿಂಗಿರೂದಿಲ್ರಿ. ಹುಮನಾಬಾದದಾಗ ನಮ್ಮವ್ವ ಕುದಿಸಿ ಒಣಗಸ್ತಿದ್ಲು, ನಾ ನೋಡೀನಿ. ಇದು ಆಟೋಕ್ಕ ಹೊಡಿಯೋ ಬಣ್ಣ ಆಗೇತಿ." ಹೊಸ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು. "ಈ ಕಣ್ಣಿಗೆ ನೋಡ್ರಿ, ಬರೋಬ್ಬರಿ ಕಾಣತೈತಿ!"

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಬೀಸದೆ ಉಳಿದಿದ್ದ ಒಂದು ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿದಳು. ತವರಿನದೊಂದು ಹಳೇ ಕೊಂಬು ದೇವರ ಜಗಲಿಯಲ್ಲಿತ್ತು. ಅದನ್ನು ಇನ್ನೊಂದು ಲೋಟಕ್ಕೆ ಹಾಕಿದಳು. ತವರಿನ ಕೊಂಬು ಸುಮ್ಮನೆ ತಳಕ್ಕೆ ಕೂತಿತು. ಬಜಾರಿನದು ತಳ ಮುಟ್ಟುವ ಮೊದಲೇ ನೀರು ಹಳದಿಯಾಯಿತು.

ಮಧುರಾ ಮೊಬೈಲಿನಲ್ಲಿ ಹುಡುಕಿದಳು. "ಅವ್ವ, ಕೊಂಬು ಹೊಳೀಲಿ ಅಂತ ಸೀಸದ ಬಣ್ಣ ಹಚ್ತಾರಂತ. ಹೊಟ್ಟ್ಯಾಗಿನ ಕೂಸಿಗೆ ಭಾಳ ಕೆಟ್ಟಂತ." ಹೇಳುತ್ತಲೇ ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ಸೂಗಮ್ಮ ಕಾಯುತ್ತಿದ್ದ ಹಾಲನ್ನು ಹಾಗೇ ಮೋರಿಗೆ ಸುರಿದಳು.

ಪ್ರಯೋಗಾಲಯಕ್ಕೆ ಕೊಟ್ಟ ಅರಿಷಿಣದಲ್ಲಿ ಸೀಸ ಇತ್ತು. ತಾಯಿ ಮಗಳಿಬ್ಬರ ರಕ್ತದಲ್ಲೂ ಇತ್ತು. ವರ್ಷಗಟ್ಟಲೆ ತಿಂದ ತಾಯಿಗೆ ಹೆಚ್ಚು, ಮಗಳಿಗೆ ಕಡಿಮೆ. ಹಿಮಾಯತ್‌ನಗರದ ಡಾಕ್ಟರು ಮಧುರಾಗೆ ಕಬ್ಬಿಣ, ಸುಣ್ಣದ ಗುಳಿಗೆ ಬರೆದರು. ಒಳಗೆ ಹೋಗುವುದು ನಿಂತರೆ ರಕ್ತದಲ್ಲಿರುವುದು ಇಳಿಯಬೇಕು, ಏಳನೇ ತಿಂಗಳಲ್ಲಿ ಮತ್ತೆ ನೋಡೋಣ ಅಂದರು. ಕೂಸಿನ ಬಗ್ಗೆ ಈಗಲೇ ಏನೂ ಹೇಳಲಾರೆ ಎಂದೂ ಅಂದರು.

ಏಳುವ ಮೊದಲು ಸೂಗಮ್ಮ ಕೇಳಿದಳು: "ಸೀಸ ಹೊಟ್ಟಿಗೆ ಹೋದ್ರ ಕಣ್ಣಿಗೆ ಪೊರಿ ಬರತೈತೇನ್ರಿ?"

ಪೊರೆ ವಯಸ್ಸಿಗೆ ಬರುವಂಥದ್ದು. ಸೀಸವೂ ಅದಕ್ಕೆ ಕೈ ಜೋಡಿಸಬಹುದೆಂದು ಕೆಲವು ಸಂಶೋಧಕರ ಗುಮಾನಿ. ನಿಮ್ಮ ಕಣ್ಣಿಗೆ ಹಾಗೇ ಆಯಿತೆಂದು ಯಾರೂ ಹೇಳಲಾರರು. ಡಾಕ್ಟರು ಹೇಳಿದ್ದು ಇಷ್ಟೇ.

ಹೊರಗೆ ಬಂದವಳು ಮೆಟ್ಟಿಲ ಮೇಲೆ ನಿಂತುಬಿಟ್ಟಳು. "ಅಲ್ರೀ, ಅರಿಷಿಣ ತಿಂದು ಕಣ್ಣು ಮಬ್ಬಾತೋ, ಕಣ್ಣು ಮಬ್ಬಾಗಿ ಅಂಥಾ ಅರಿಷಿಣ ತಂದ್ನೋ?"

"ನನ್ನ ಕೈಯಾರೆ ಕುಡಿಸಿದ್ನಲ್ರಿ" ಎಂದು ಅವಳು ರಸ್ತೆಯಲ್ಲೇ ಅತ್ತಳು. ಮನೆಗೆ ಬಂದು ಮುಖ ತೊಳೆದವಳೇ, ಎರಡು ಲೋಟ, ಎರಡು ಕೊಂಬು ಹಿಡಿದುಕೊಂಡು ಮೊದಲು ಭವಾನಿಯ ಬಾಗಿಲಿಗೆ, ಆಮೇಲೆ ಓಣಿಯ ಎಲ್ಲ ಬಾಗಿಲಿಗೆ ಹೋದಳು. ತಾನು ತಂದುಕೊಟ್ಟದ್ದನ್ನು ತಾನೇ ನೀರಿಗೆ ಹಾಕಿ ತೋರಿಸಿದಳು. ನನ್ನ ಹೆಂಡತಿಯ ಮೇಲೆ ನನಗೆ ಅಷ್ಟು ಅಭಿಮಾನ ಹಿಂದೆಂದೂ ಉಕ್ಕಿರಲಿಲ್ಲ. ಅವಳಿಗೆ ಹೇಳಲಿಲ್ಲ, ತಲೆ ಮೇಲೆ ಕೂತಾಳು.

ಏಳನೇ ತಿಂಗಳಲ್ಲಿ ಮಧುರಾಳ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬಸ. ಹಿಂದಿನ ದಿನವೇ ರಕ್ತದ ವರದಿ ಬಂತು. ಸೀಸ ಚೆನ್ನಾಗಿ ಇಳಿದಿತ್ತು. ಕೂಸು ಬೆಳೆಯುತ್ತಿರುವ ರೀತಿ ಸರಿಯಾಗಿದೆ ಅಂದರು ಡಾಕ್ಟರು. ಉಳಿದದ್ದು ಕೂಸು ಬಂದ ಮೇಲೆಯೇ ತಿಳಿಯಬೇಕು.

ಕುಬಸಕ್ಕೆ ಸೂಗಮ್ಮ ಹುಮನಾಬಾದದಿಂದ ಕೊಂಬು ತರಿಸಿದ್ದಳು. ಕಂದು ಬಣ್ಣದವು, ಸುಕ್ಕುಗಟ್ಟಿದವು. ಅಳಿಯನ ತಾಯಿ, ಕಲಬುರಗಿಯಿಂದ ಬಂದ ನಮ್ಮ ಬೀಗತಿ, ಮಧುರಾಳ ಕೆನ್ನೆಗೆ ಹಚ್ಚಲು ಬಟ್ಟಲಿಗೆ ಬೆರಳಿಟ್ಟವರು ಹುಬ್ಬು ಏರಿಸಿದರು.

"ಸೂಗಮ್ಮಾರ, ಅರಿಷಿಣ ಭಾಳ ಸಪ್ಪಗೈತಲ್ರಿ?"

ಸೂಗಮ್ಮ ಹೊಸ ಕಣ್ಣಿಗೆ ಅಂಗೈ ಅಡ್ಡ ಹಿಡಿದು, ಇನ್ನೂ ಪೊರೆ ತೆಗೆಸದ ಎಡಗಣ್ಣಿನಿಂದ ಬಟ್ಟಲನ್ನು ನಿಧಾನಕ್ಕೆ ನೋಡಿದಳು.

"ಹೌದ್ರಿ, ಈ ಕಣ್ಣಿಗೆ ಭಾಳ ಸಪ್ಪಗೈತಿ" ಅಂದಳು. "ಈ ಕಣ್ಣಿಗೆ ಚಂದ ಕಂಡದ್ದನ್ನ ನಾ ಇನ್ನ ಮನಿಗೆ ತರೂದಿಲ್ರಿ."

ಆಮೇಲೆ ಕೈ ತೆಗೆದು, ಆ ಸಪ್ಪೆ ಅರಿಷಿಣವನ್ನೇ ಬೆರಳ ತುಂಬ ತೆಗೆದುಕೊಂಡು ಮಗಳ ಎರಡೂ ಕೆನ್ನೆಗೆ ಬಳಿದಳು.