ಕ್ಯಾಲೆಂಡರಿನ ಹಿಂದಿನ ಜೇಡ

ಆ ವರ್ಷ ಬ್ಯಾಡಗಿಯ ನಮ್ಮ ನಡುಮನೆಗೆ ಮಗ ಹೊಸ ಟ್ಯೂಬ್‌ಲೈಟ್ ಹಾಕಿಸಿದ. ಆಷಾಢದ ಮಳೆ ಹಿಡಿದ ಮೇಲೆ ಮೊಮ್ಮಗಳು ಶ್ವೇತಾಳ ಕುತ್ತಿಗೆಯ ಮೇಲೆ ಎರಡು ಸಲ ಉರಿಗುಳ್ಳೆ ಎದ್ದವು. ಕಾದ ಸೌಟಿನಿಂದ ಗೀರಿದ ಹಾಗೆ ಕೆಂಪು ಬರೆ, ಅದರ ಮೇಲೆ ಸಣ್ಣ ಸಣ್ಣ ಗುಳ್ಳೆ. ನಮ್ಮ ಕಡೆ ಅಂಥದ್ದು ಎದ್ದರೆ ಯಾರೂ ಎರಡನೆಯ ಮಾತು ಆಡುವುದಿಲ್ಲ, ಜೇಡ ಉಚ್ಚೆ ಹೊಯ್ದಿದೆ ಎನ್ನುತ್ತಾರೆ.

ಜೇಡವೂ ಇತ್ತು. ಕ್ಯಾಲೆಂಡರಿನ ಹಿಂದೆ, ನನ್ನ ಅಂಗೈಯಗಲದ್ದು, ಬೂದಿ ಬಣ್ಣದ್ದು. ಬಲೆ ಕಟ್ಟುವ ಜಾತಿಯಲ್ಲ. ಗೋಡೆಗೆ ಅಂಟಿ ಕುಳಿತು ಜಿರಳೆ ಹಿಡಿಯುವಂಥದ್ದು. ನಾಲ್ಕು ದಿನದಿಂದ ಎದೆಯ ಕೆಳಗೆ ಬಿಳಿ ಬಿಲ್ಲೆಯಂಥ ತತ್ತಿಯ ಚೀಲ ಅವಚಿಕೊಂಡು, ಜಿರಳೆ ಮುಂದೆಯೇ ಹಾದರೂ ಕದಲದೆ ಕುಳಿತಿತ್ತು. ನನಗೆ ಅದೇ ಸೋಜಿಗ. ಬಾಯಿಗೆ ಬಂದದ್ದನ್ನೇ ಬಿಟ್ಟು ಕೂತದ್ದು, ಹುಡುಗಿಯ ಕುತ್ತಿಗೆಗೆ ಯಾಕೆ ಇಳಿದು ಬರುತ್ತದೆ?

ಪಂಚಮಿಗೆ ಮನೆ ಗುಡಿಸಲು ಸೊಸೆ ಭುವನಾ ಉದ್ದ ಕೋಲಿಗೆ ಕಸಬರಿಗೆ ಕಟ್ಟಿದಳು.

"ಅತ್ತೀ, ಸ್ವಲ್ಪ ಸರೀರಿ. ಮೊದ್ಲ ಅದನ್ನ ಹೊಡೀತೇನಿ."

"ಎರಡ ದಿನ ತಡಿಯವ್ವಾ. ಅದು ಮಾಡಿದ್ದಲ್ಲ ಅನಸ್ತೈತಿ."

"ಮತ್ಯಾರ್ ಮಾಡ್ಯಾರ್ರಿ, ನಾನಾ? ನಾಳೆ ಹುಡುಗಿ ಕಣ್ಣಿಗೆ ಹೊಯ್ದರ ಏನ್ ಮಾಡೂನು?"

ಕಣ್ಣಿನ ಭಯ ನನಗೂ ಇತ್ತು. ಜೇಡವನ್ನು ಹೊಡೆದು ನಾವು ನಿಶ್ಚಿಂತರಾಗಿ, ಮಾಡಿದ್ದು ಬೇರೆಯೇ ಆಗಿದ್ದರೆ?

ದೀಪ ಹಚ್ಚುವ ಹೊತ್ತಿಗೆ ಶ್ವೇತಾಳನ್ನು ಅಡುಗೆಮನೆಗೆ ಕಳಿಸಿ, ಅವಳು ಓದಲು ಕೂರುವ ಚಾಪೆಯ ಮೇಲೆ ನಾನು ಕೂತೆ. ಕಿಟಕಿಯಿಂದ ಹುಳಗಳು ಟ್ಯೂಬ್‌ಲೈಟಿಗೆ ಮುತ್ತಿದವು. ಜೇಡ ಅಲುಗಲಿಲ್ಲ. ಒಂದು ಹುಳ ನನ್ನ ಮುಂಗೈ ಮೇಲೆ ಬಿತ್ತು. ಇರುವೆಗಿಂತ ತುಸು ಉದ್ದ, ಒಂದು ತುಂಡು ಕೆಂಪು, ಒಂದು ತುಂಡು ಕಪ್ಪು; ಬಾಲ ಎತ್ತಿಕೊಂಡು ಓಡುವುದು. ಅರವತ್ತು ವರ್ಷದ ಹಿಂದೆ ಕಾಗಿನೆಲೆಯ ತವರಿನಲ್ಲಿ ಭತ್ತದ ಕಳೆ ಕೀಳುವಾಗ ಅವ್ವ ಒದರಿದ್ದು ನೆನಪಿಗೆ ಬಂತು: "ಊದಿ ಬಿಡ, ಗದಿಗೆವ್ವಾ! ತಿಕ್ಕಬ್ಯಾಡ!"

ನಾನು ಊದಲಿಲ್ಲ. ಬೆರಳಿಟ್ಟು ಅಲ್ಲೇ ತಿಕ್ಕಿದೆ. ಭುವನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಬೆಳಿಗ್ಗೆ ಕೈ ಸ್ವಚ್ಛವಾಗಿತ್ತು. ಭುವನಾ ಕೋಲು ಹಿಡಿದು ಬಂದಳು.

"ಏನಾತ್ರಿ ನಿಮ್ಮ ಪರೀಕ್ಷಾ? ನಪಾಸಾ?"

"ಸಂಜಿತನಕ ನೋಡೂನು."

"ಆ ಜ್ಯಾಡ ನಿಮ್ಮ ತವರ ಕಡೇದೇನ್ರಿ?" ಎಂದು ನಕ್ಕಳು. ಕೋಲನ್ನು ಮಾತ್ರ ಮೂಲೆಗಿಟ್ಟಳು.

ಮಧ್ಯಾಹ್ನ ರೊಟ್ಟಿ ಬಡಿಯುವಾಗ ಮುಂಗೈ ಚುರುಗುಟ್ಟಿತು. ಸಂಜೆಗೆ ಕೆಂಪು ಬರೆ, ಮರುದಿನ ಗುಳ್ಳೆ. ಭುವನಾ ಮಗಳ ಕುತ್ತಿಗೆಯನ್ನೂ ನನ್ನ ಕೈಯನ್ನೂ ಒತ್ತಟ್ಟಿಗೆ ಹಿಡಿದು ನೋಡಿದಳು. ಎರಡೂ ಒಂದೇ.

"ಬೇಕಂತ ಯಾರರ ಕೈ ಸುಟ್ಕೋತಾರೇನ್ರಿ ಅತ್ತೀ? ಬಾಯಿಲೆ ಹೇಳಿದ್ರ ಆಗ್ತಿದ್ದಿಲ್ಲೇನು?"

"ಬಾಯಿಲೆ ಹೇಳಿದ್ರ ನೀ ಕೇಳ್ತಿದ್ದ್ಯಾ?"

ಅವಳು ಬೈಯುತ್ತಲೇ ಕೊಬ್ಬರಿ ಎಣ್ಣೆ ಹಚ್ಚಿದಳು. ಅಂದೇ ಕಿಟಕಿಗೆ ಹಳೆಯ ಸೀರೆ ಕಟ್ಟಿದಳು. ಶ್ವೇತಾ ಹುಳ ಕಂಡರೆ ಹೊಡೆಯದೆ ಊದುವುದನ್ನು ಕಲಿತಳು. ಆಮೇಲೆ ಅವಳಿಗೆ ಗುಳ್ಳೆ ಏಳಲಿಲ್ಲ. ಪಂಚಮಿಗೆ ಮನೆಯೆಲ್ಲ ಗುಡಿಸಿದರೂ ಕ್ಯಾಲೆಂಡರಿನಷ್ಟು ಗೋಡೆ ಹಾಗೇ ಉಳಿಯಿತು.

ಹದಿನೈದು ದಿನ ಕಳೆದಿರಬೇಕು. "ಅತ್ತೀ, ಲಗೂ ಬರ್ರಿ!" ಎಂದು ಭುವನಾ ಕೂಗಿದಳು. ಹೋಗಿ ನೋಡಿದರೆ ಗೋಡೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಮರಿಗಳು.

"ಇಷ್ಟ್ರಾಗ ನಿಮ್ಮಾಕಿ ಎಲ್ಲಿ ಅದಾಳ್ರಿ?"

ಹುಡುಕಿದೆವು. ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ, ದೊಡ್ಡದೊಂದು ಜಿರಳೆ ಹಿಡಿದು ಊಟಕ್ಕೆ ಕೂತಿತ್ತು.